ಡೆಟ್ರಾಯಿಟ್ ಪಾಠ

ಹುಣಸೆ ಹುಳಿ ಕಿವುಚುತ್ತಿದ್ದ ಕೈಯಲ್ಲೇ ಅಮಿತಾ ಮೀನಿನ ಚೀಲ ಬಿಡಿಸಿದಳು. ಅಂಜಲಿನ ತುಂಡುಗಳಿದ್ದವು. ತಲೆ ಇರಲಿಲ್ಲ.

"ತಲೆ ಎಲ್ಲಿ?"

"ಅಲ್ ಮೀನಾ ಮಾರ್ಕೆಟಿನಲ್ಲಿ ಕ್ಲೀನ್ ಮಾಡುವವ ಕೇಳಿದ, ಬೇಡ ಅಂದೆ," ಎಂದ ಗಂಡ ರಂಜಿತ್, ಅವಳ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ. "ಮಗಳಿಗೆ ವಾಸನೆ ಆಗುದಿಲ್ಲ ಅಲ್ವಾ?"

"ತಲೆ ಬಿಸಾಡಿಸಿ ಬಂದು ಗಸಿ ಮಾಡು ಅಂತೀರಿ. ಉಡುಪಿಯಲ್ಲಿ ಹೇಳಿ ನೋಡಿ, ನಿಮ್ಮ ಅಮ್ಮನೇ ಮನೆಯೊಳಗೆ ಬಿಡ್ಲಿಕ್ಕಿಲ್ಲ."

ಅವನು ನಕ್ಕ. ಅವಳು ನಗಲಿಲ್ಲ.

ಗಲ್ಫಿನ ಖಲೀಫಾ ಸಿಟಿಯ ಅಮೆರಿಕನ್ ಸಿಲೆಬಸ್ ಶಾಲೆಯೊಂದರಲ್ಲಿ ಅವಳು ಚರಿತ್ರೆ ಕಲಿಸುತ್ತಾಳೆ. ನಾಳೆ ಡೆಟ್ರಾಯಿಟ್ ನಗರದ ಪಾಠ. ಅರುವತ್ತೆಂಟರಲ್ಲಿ ಅಲ್ಲಿಯ ಕಾರು ಕಾರ್ಖಾನೆಯೊಂದರಲ್ಲಿ ಕೆಲಸದ ವೇಗ ಹೆಚ್ಚಿಸಿದ್ದಕ್ಕೆ ಕಪ್ಪು, ಬಿಳಿ ಕಾರ್ಮಿಕರು ಒಟ್ಟಿಗೆ ಹೊರನಡೆದರು. ಶಿಕ್ಷೆ ಮಾತ್ರ ಹೆಚ್ಚಾಗಿ ಕಪ್ಪು ಜನರಿಗಾಯಿತು. ಆಮೇಲೆ ಅವರು ತಮ್ಮದೇ ಸಂಘ ಕಟ್ಟಿ, ಗೇಟಿನಲ್ಲಿ ಕರಪತ್ರ ಹಂಚಿ, ಕಂಪೆನಿಯನ್ನೂ ಹಳೆಯ ಯೂನಿಯನ್ನನ್ನೂ ಎದುರು ಹಾಕಿಕೊಂಡರು. ಬಹಳ ಕಾಲದ ನಂತರ ಅಮಿತಾ ಒಂದು ಪಾಠಕ್ಕೆ ಖುಷಿಯಿಂದ ತಯಾರಾಗಿದ್ದಳು.

ಬೆಳಗ್ಗೆ ವಿಭಾಗದ ಮುಖ್ಯಸ್ಥೆ, ಮಂಗಳೂರಿನ ಒಲಿಂಡಾ, ಸ್ಟಾಫ್ ರೂಮಿನ ಮೂಲೆಗೆ ಕರೆದಿದ್ದಳು. "ಕಾರು ಇರ್ಲಿ, ಆ ಊರಿನ ಸಂಗೀತ ಇರ್ಲಿ. ಈ ಸ್ಟ್ರೈಕ್ ಎಲ್ಲ ಬೇಡ ಮಾರಾಯ್ತಿ. ಮಕ್ಕಳ ಅಪ್ಪಂದಿರು ಕಂಪೆನಿ ನಡೆಸುವವರು. ನಿನ್ನ ಕಾಂಟ್ರ್ಯಾಕ್ಟ್ ಬೇರೆ ಈ ತಿಂಗಳು ಮುಗೀತದೆ."

ರಂಜಿತನ ಕೆಲಸ ಹೋದ ಮೇಲೆ ಮನೆಯವರೆಲ್ಲರ ವೀಸಾ ಅವಳ ಕೆಲಸದ ಮೇಲೆಯೇ ನಿಂತಿತ್ತು.

"ಒಲಿಂಡಾ ಬೇಡ ಅಂದ ಸ್ಟ್ರೈಕಿನ ಸ್ಲೈಡ್ ಇನ್ನೂ ಉಂಟಲ್ಲ," ಎಂದ ಅವನು. "ಅಲ್ಲಿಯವರ ಜಗಳ ನಮಗೆ ಎಂತಕ್ಕೆ?"

"ಅದನ್ನು ತೆಗೆದ್ರೆ ಎಂತ ಉಳೀತದೆ?"

"ಕಾರು. ಅಷ್ಟು ಸಾಕು."

ದೂರದ ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿ ಮೇಲ್ವಿಚಾರಕನಾಗಿದ್ದಾಗ, ಬಸ್ಸಿನಲ್ಲಿ ಎ.ಸಿ. ಕೆಟ್ಟದ್ದನ್ನು ಸರಿಮಾಡಿಸಿ ಎಂದು ಕೆಲಸಗಾರರ ಪರ ಪಟ್ಟು ಹಿಡಿದು ಕೆಲಸ ಕಳೆದುಕೊಂಡವನು ಇದೇ ರಂಜಿತ್. ಅದನ್ನು ನೆನಪಿಸಬೇಕೆಂದು ಅವನತ್ತ ತಿರುಗಿದಳು. ಅವನ ಮುಖದಲ್ಲಿದ್ದದ್ದು ಬುದ್ಧಿವಾದವಲ್ಲ, ಹೆದರಿಕೆ.

ಕೈ ತೊಳೆದು ಬಂದು, ಅವನ ಎದುರೇ ಸ್ಲೈಡುಗಳನ್ನು ಒಂದೊಂದಾಗಿ ಅಳಿಸಿದಳು. ಗೇಟಿನ ಮುಂದೆ ನಿಂತ ಜನರ ಚಿತ್ರವೂ ಹೋಯಿತು.

"ಖಲಾಸ್," ಎಂದು ಅವನು ಉಸಿರುಬಿಟ್ಟ. "ಸಿಟ್ಟಾ?"

"ಖಲಾಸ್ ಅಂದ್ರಲ್ಲ. ಆಯ್ತು."

ಅಡುಗೆಮನೆಗೆ ಹೋಗಿ ಕುದಿಯುವ ಮಸಾಲೆಗೆ ತುಂಡುಗಳನ್ನು ಬಿಟ್ಟಳು. ಉರಿ ತಗ್ಗಿಸಿದಳು. ನಾಳೆ ಕಾರುಗಳ ಚಿತ್ರ ಮುಗಿದ ಕೂಡಲೇ ಪ್ರೊಜೆಕ್ಟರ್ ಆರಿಸಬೇಕು, ಮಕ್ಕಳಿಗೆ ಪುಸ್ತಕ ಮುಚ್ಚಲು ಹೇಳಬೇಕು. ಆ ಗೇಟಿನಲ್ಲಿ ನಡೆದದ್ದನ್ನು ಹೇಳಲು ಅವಳಿಗೆ ಸ್ಲೈಡ್ ಬೇಕಿರಲಿಲ್ಲ. ಎಲ್ಲಿಂದ ಶುರು ಮಾಡುವುದೆಂದು ಯೋಚಿಸುತ್ತಾ ಉಪ್ಪು ನೋಡಿದಳು.

"ಪರಿಮಳ ಬಂತು," ಎಂದ ರಂಜಿತ್ ಹೊರಗಿನಿಂದ.

"ಹ್ಞಾ," ಎಂದಳು.