ಗುಲಾಬಿಯ ಹೆಬ್ಬೆರಳು ಮತ್ತು ನವೀಕರಣದ ಸಾಹೇಬರು

ಸಮಸ್ತ ನಾಗರಿಕರ ಗಮನಕ್ಕೆ: ಯಡ್ತರೆಯ ಗುಲಾಬಿಯ ಬಲಗೈ ಹೆಬ್ಬೆರಳು ಸರ್ಕಾರಿ ಸೇವೆಯಿಂದ ನಿವೃತ್ತಿ ಹೊಂದಿದೆ. ಹಾರ, ಶಾಲು, ಹಣ್ಣಿನ ಬುಟ್ಟಿ ಯಾವುದೂ ಇರುವುದಿಲ್ಲ.

ಗೇರುಬೀಜದ ಫ್ಯಾಕ್ಟ್ರಿಯಲ್ಲಿ ಹತ್ತೊಂಬತ್ತು ವರ್ಷ ಬೀಜ ಸುಲಿದ ಬೆರಳದು. ಸಿಪ್ಪೆಯ ಕಪ್ಪು ಎಣ್ಣೆ ಅದರ ಗೆರೆಗಳನ್ನೆಲ್ಲ ತಿಂದು ತೇಗಿತ್ತು. ರೇಷನ್ ಅಂಗಡಿಯ ಯಂತ್ರ ಪ್ರತಿ ತಿಂಗಳೂ ‘ಹೊಂದಾಣಿಕೆ ಇಲ್ಲ’ ಎನ್ನುತ್ತಿತ್ತು. ‘ನಾನೇ ಗುಲಾಬಿ’ ಎಂದು ಯಂತ್ರದ ಜೊತೆ ಜಗಳವಾಡಿ, ಕೊನೆಗೆ ಮಗಳು ಅನಿಷಾಳ ಬೆರಳಲ್ಲಿ ಅಕ್ಕಿ ತರುತ್ತಿದ್ದಳು.

ಈ ಸಂಕಟದ ವಾಸನೆ ಯಾರಿಗೋ ಹತ್ತಿತು. ಒಂದು ಮಂಗಳವಾರ, ಚಾ ಹೊತ್ತಿಗೆ, ಕೊರಳಲ್ಲಿ ಕಾರ್ಡು, ಕೈಯಲ್ಲಿ ಬೆರಳಚ್ಚಿನ ಯಂತ್ರ ಹಿಡಿದು ರವಿಚಂದ್ರ ಎಂಬವನು ಫ್ಯಾಕ್ಟ್ರಿಯೊಳಗೆ ಬಂದ.

“ಬೆರಳಚ್ಚು ನವೀಕರಣ ಅಭಿಯಾನ, ಅಮ್ಮ. ಪೂರ್ತಿ ಉಚಿತ. ಬೆರಳಿಡಿ, ಆಧಾರ್ ಕೊಡಿ, ಮೊಬೈಲಿಗೆ ಬರುವ ನಂಬರ್ ಹೇಳಿ. ಮುಗೀತು.”

ಮುಗಿಯುವುದು ಏನು ಎಂದು ಅವನು ಹೇಳಲಿಲ್ಲ. ನಲವತ್ತೆರಡು ಹೆಂಗಸರು ಸಾಲು ನಿಂತರು, ಎಲ್ಲರ ಮುಂದೆ ಗುಲಾಬಿ. ಗೆರೆ ಉಳಿದವರಿಂದ ಬೆರಳಚ್ಚು, ಉಳಿಯದವರಿಂದ ಮೊಬೈಲಿನ ನಂಬರ್. ಸಂಜೆಯೊಳಗೆ ಎಲ್ಲರ ಖಾತೆಯನ್ನೂ ಬೋಳಿಸುವುದು ಅವನ ಮಹಾಯೋಜನೆ.

ಗುಲಾಬಿಯ ಖಾತೆಯಲ್ಲಿ ಒಂದು ಅಂಗಡಿ ಮಲಗಿತ್ತು. ಬೀಜದ ಕೆಲಸ ಬಿಟ್ಟು, ಬೈಂದೂರು ಬಸ್‌ಸ್ಟ್ಯಾಂಡಿನ ಹತ್ತಿರ ಚಾ-ಬನ್ಸ್ ಮಾರಲು ಕೂಡಿಟ್ಟ ದುಡ್ಡು. ಅನಿಷಾ ದಿನಾ ಹೇಳುತ್ತಿದ್ದಳು: “ಅಮ್ಮಾ, ಮೊಬೈಲಿಗೆ ಬಪ್ಪು ನಂಬ್ರ ದೇವ್ರೇ ಬಂದ್ ಕೇಂಡ್ರೂ ಹೇಳುಕಾಗ.”

ಬಂದವನು ದೇವರಂತೂ ಅಲ್ಲ.

“ಹ್ವಾಯ್ ಸಾಹೇಬ್ರೇ, ಆ ನಂಬ್ರ ನಿಮ್ಗೆ ಎಂತಕ್ಕೆ?” ಗುಲಾಬಿ ಕೇಳಿದಳು.

“ನಿಯಮ, ಅಮ್ಮ.”

“ನಮ್ದೂ ಒಂದ್ ನಿಯಮ ಇತ್ತ್. ಬೀಜ ಸುಲಿಯದವ್ರಿಗೆ ಇಲ್ಲಿ ಕೂಕಂಬುಕೆ ಜಾಗ ಇಲ್ಲ. ಹತ್ತ್ ಬೀಜ ಸುಲ್ದ್ ಕಾಣಿ, ಮತ್ತೆ ಬೆರಳ್ ಇಡ್ತೆ.”

ಪಕ್ಕದ ವನಜ ಪಿಸುಗುಟ್ಟಿದಳು: “ಕೈ ಸುಡ್ದಿದ್ದಾಂಗೆ ಮೊದ್ಲ್ ತೆಂಗಿನೆಣ್ಣೆ ಹಚ್ಕಣಿ ಅಂದ್ ಹೇಳುದಾ?”

“ಹೇಳ್ಬೇಡ. ನೀ ಹೊರಗ್ ಹೋಯಿ 1930ಕ್ಕೆ, ಸೈಬರ್ ಪೊಲೀಸ್ರಿಗೆ, ಫೋನ್ ಮಾಡ್, ಹೆಣ್ಣೆ.”

ನಲವತ್ತೆರಡು ಖಾತೆಗಳ ಮುಂದೆ ಹತ್ತು ಬೀಜ ಯಾವ ಲೆಕ್ಕ? ಸಾಹೇಬರು ಅಂಗಿಯ ತೋಳು ಮಡಚಿ ಕೂತರು. ಎಂಟು ಬೀಜ ಪುಡಿಯಾದವು, ಎರಡು ಹಾರಿಹೋದವು. ಬೆರಳೆಲ್ಲ ಕಪ್ಪಾಗಿ, ಉರಿದು, ಬೊಬ್ಬೆ ಎದ್ದವು.

ಬೆರಳಿಗೆ ಉಫ್ ಉಫ್ ಎಂದು ಗಾಳಿ ಊದಿಕೊಳ್ಳುತ್ತಲೇ ರವಿಚಂದ್ರ ಯಂತ್ರ ಎತ್ತಿಕೊಂಡ. ಅದು ತೆರೆಯಬೇಕಾದರೆ ಮೊದಲು ಅವನದೇ ಹೆಬ್ಬೆರಳು ಬೇಕು. ಒತ್ತಿದ.

‘ಹೊಂದಾಣಿಕೆ ಇಲ್ಲ.’

ಪ್ಯಾಂಟಿಗೆ ಒರೆಸಿ ಒತ್ತಿದ. ಇಲ್ಲ. ಎಂಜಲು ಹಚ್ಚಿ ಒತ್ತಿದ. ‘ಮೂರು ಪ್ರಯತ್ನ ಮುಗಿದಿದೆ. ಇಪ್ಪತ್ನಾಲ್ಕು ಗಂಟೆಯ ನಂತರ ಪ್ರಯತ್ನಿಸಿ.’

“ಅಯ್ಯೋ, ನಾನೇ! ಇದು ನಾನೇ!”

“ನಂಗೂ ಅದನ್ನೇ ಹೇಳಿ ಹೇಳಿ ಸಾಕಾಯ್ತ್, ಮಾರಾಯ. ಅಷ್ಟಕ್ಕೂ ನೀ ಯಾರ್? ನಿನ್ ಆಧಾರ್ ತೆಗಿ ಕಾಂಬ.”

“ಗುರುತಿಲ್ಲದವರಿಗೆ ಆಧಾರ್ ಕೊಡಬಾರದು, ಅಮ್ಮ!”

ಅವನು ಆ ದಿನ ಆಡಿದ ಏಕೈಕ ಸತ್ಯ ಅದು. ಸಾಲು ಕರಗಿತು, ನಲವತ್ತೆರಡು ಮೊಬೈಲು ಸೊಂಟಕ್ಕೆ ಸೇರಿದವು.

ಗುಲಾಬಿ ಹೋಗಿ ಬಾಗಿಲ ಚಿಲಕ ಹಾಕಿದಳು. ಬೀಜದ ಬುಟ್ಟಿಯನ್ನು ಕಾಲಲ್ಲಿ ಅವನ ಮುಂದಕ್ಕೆ ತಳ್ಳಿದಳು.

“ಪೊಲೀಸ್ರ್ ಬಪ್ಪುಕೆ ಇನ್ನೂ ಹೊತ್ತ್ ಇತ್ತ್. ನಿನ್ ಯಂತ್ರವೂ ನಾಳೆವರೆಗೆ ತೆರಿತಿಲ್ಲ. ಕೂಕಣ್, ಸುಲಿ.”