ಸಂಜೆ ಆರರ ಎಣಿಕೆ

"ಹೊರಗೆ ಬಂದ್ಮೇಲೆ ಯಾರ ಮೇಲೂ ಕೈ ಎತ್ತಲ್ಲ ಕಂದ, ನಿನ್ನಾಣೆ." ಜೈಲಿನ ಜಾಲರಿಯಾಚೆ ನಿಂತಿದ್ದ ಏಳು ವರ್ಷದ ಮಗಳಿಗೆ ಅವನು ಹೀಗೆ ಮಾತು ಕೊಟ್ಟು ಹತ್ತು ವರ್ಷ ಕಳೆದಿತ್ತು. ಕುತ್ತಿಗೆ ಹಿಸುಕಿ ಒಬ್ಬನನ್ನು ಕೊಂದ ಕೈಗಳು ಅವು.

ಬಿಡುಗಡೆಯಾದ ಮೇಲೆ ಮನೆಗಾಗಿ ಅಲೆದು ಕಾಲು ಸವೆಯಿತು. ಹಿಂದೆ ಎಲ್ಲಿದ್ದಿರಿ ಎಂದು ಕೇಳಿದವರಿಗೆ ನಿಜ ಹೇಳಿದ. ಬಾಗಿಲು ಮುಖಕ್ಕೆ ಬಡಿಯಿತು. ಐದು ತಿಂಗಳು ಬಸ್ ನಿಲ್ದಾಣದ ಬೆಂಚೇ ಹಾಸಿಗೆ. ಒಳಗೆ ಕಲಿತ ಪೇಂಟಿಂಗ್ ಕೆಲಸ ಹೊಟ್ಟೆಗೆ ದಾರಿ ಮಾಡಿತ್ತು, ಸೂರಿಗಲ್ಲ. ಮಗಳನ್ನು ಸಾಕಿದ ಅವನ ತಂಗಿಯದ್ದು ಒಂದೇ ಪಟ್ಟು: "ಮೊದಲು ಮನೆ ತೋರ್ಸಣ್ಣ, ಆಮೇಲೆ ಅವಳನ್ನ ಕರ್ಕೊಂಡ್ಹೋಗು."

ಕೊನೆಗೆ ಹೊರದೇಶದಲ್ಲಿದ್ದೆನೆಂದು ಸುಳ್ಳು ಹೇಳಿ ಮೂರನೇ ಮಹಡಿಯ ಕೋಣೆಯೊಂದನ್ನು ಗಿಟ್ಟಿಸಿದ. ಗೋಡೆ ಕೆರೆದು, ಪುಟ್ಟಿ ಹಚ್ಚಿ, ಎರಡು ಕೋಟ್ ಬಳಿದ. ಭಾನುವಾರ ಸಂಜೆ ಮಗಳು ಬರುವವಳಿದ್ದಳು.

ಆದರೆ ದಿನಾ ಆರು ಗಂಟೆಗೆ ಕಾಲುಗಳು ಅವನನ್ನು ಕೇಳದೆ ಹೊರಗೆ ಬರುತ್ತಿದ್ದವು. ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೈ ಕಟ್ಟಿ, ತಲೆ ತಗ್ಗಿಸುತ್ತಿದ್ದ. ಜೈಲಿನಲ್ಲಿ ಹಾಗೆ ಕೂತವರನ್ನು ಎಣಿಸಿಯೇ ಬೀಗ ಹಾಕುವುದು. ಇಲ್ಲಿ ಎಣಿಸುವವರಿರಲಿಲ್ಲ. ಸ್ವಲ್ಪ ಹೊತ್ತಿಗೆ ಎಚ್ಚರಾಗಿ, ನಾಚಿ, ಎದ್ದು ಒಳಗೆ ಹೋಗುತ್ತಿದ್ದ.

"ಏನಣ್ಣ, ಬಸ್ಸು ಮೂರನೇ ಮಹಡೀಗೂ ಬರುತ್ತಾ?" ಎಂದು ಎದುರುಮನೆಯ ಟೈಲರಮ್ಮ ನಗುತ್ತಿದ್ದಳು.

ಭಾನುವಾರವೂ ಕೂತ. ನೀರಿನ ಟ್ಯಾಂಕು ನೋಡಲು ಮನೆಮಾಲೀಕನ ಜೊತೆ ಬಂದ ಆ ಮಾಲೀಕನ ಭಾಮೈದ ಮೆಟ್ಟಿಲಲ್ಲೇ ನಿಂತುಬಿಟ್ಟ. ಒಂದು ಕಾಲದಲ್ಲಿ ಜೈಲಿಗೆ ತರಕಾರಿ ವ್ಯಾನು ಓಡಿಸಿದವನು.

"ಭಾವ, ನಿಮ್ಮ ಫಾರಿನ್ನವನು ಎಣಿಕೆಗೆ ಕೂತವ್ನೆ ನೋಡಿ. ಹಿಂಗೆ ಕೂರೋದು ಒಂದೇ ಕಡೆ."

ಮಾಲೀಕನ ಮುಖ ಬಿಳಚಿಕೊಂಡಿತು. "ಹೌದೇನಯ್ಯ?"

"ಶಿಕ್ಷೆ ಮುಗಿಸಿದೀನಿ ಸಾರ್. ಈಗ ಮಗಳು ಬರ್ತಾಳೆ. ಇವತ್ತೊಂದಿನ..."

ಮಾತು ಮುಗಿಯಲಿಲ್ಲ. ಗೋಡೆಗೆ ಒರಗಿಸಿದ್ದ ರೋಲರಿನ ಕಬ್ಬಿಣದ ಹಿಡಿಯನ್ನು ಎತ್ತಿಕೊಂಡು ಭಾಮೈದ ಬಾಯಿಗೇ ಬಾರಿಸಿದ. ಎರಡು ಹಲ್ಲು ನೆಲಕ್ಕೆ ಬಿದ್ದವು. ಹೊಸ ಬಣ್ಣದ ಮೇಲೆ ರಕ್ತ ಸಿಡಿಯಿತು. ಎರಡನೇ ಏಟಿಗೆ ಹೆಗಲ ಮೂಳೆ ಲಟಕ್ಕೆಂದಿತು. ಅವನು ಕಟ್ಟಿದ ಕೈ ಬಿಚ್ಚಲಿಲ್ಲ. ಸ್ಟೌವು, ಹಾಸಿಗೆ, ಬಣ್ಣದ ಡಬ್ಬಿಗಳು ಒಂದೊಂದಾಗಿ ಮೆಟ್ಟಿಲುರುಳಿದವು. ಟೈಲರಮ್ಮ ಬಾಗಿಲು ಹಾಕಿಕೊಂಡಳು.

ಉರುಳುತ್ತಿದ್ದ ಡಬ್ಬಿಗಳ ನಡುವೆಯೇ ಮಗಳು ಹತ್ತಿ ಬಂದಳು, ಹೆಗಲಲ್ಲಿ ಬ್ಯಾಗು.

"ನಮ್ಮಪ್ಪನ್ನ ಬಿಡಿ!" ಎಂದು ನಡುವೆ ನುಗ್ಗಿದಳು.

ಭಾಮೈದ ಅವಳ ಜಡೆ ಹಿಡಿದು ಮುಖವನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಹುಬ್ಬು ಸೀಳಿತು. ಅವಳು ಅಪ್ಪನತ್ತ ನೋಡಿದಳು. ಭಾಮೈದನ ಕುತ್ತಿಗೆ ಅವನ ಕೈಗೆ ಎಟಕುವಷ್ಟೇ ದೂರದಲ್ಲಿತ್ತು. ಎಲ್ಲಿ ಒತ್ತಿದರೆ ಎಷ್ಟು ಹೊತ್ತು ಬೇಕೆಂದು ಬೆರಳುಗಳಿಗೆ ನೆನಪಿತ್ತು. ಅವನು ಎರಡೂ ಅಂಗೈಗಳನ್ನು ಕಂಕುಳಲ್ಲಿ ಬಿಗಿದುಕೊಂಡ. ಅವಳ ತಲೆ ಇನ್ನೊಮ್ಮೆ ಚೌಕಟ್ಟಿಗೆ ಬಡಿಯಿತು.

"ಸಾಕು ಬಿಡೋ, ಹೆಣ್ಮಗು," ಎಂದು ತಡೆದದ್ದು ಮಾಲೀಕ.

ಬೀದಿಯಲ್ಲಿ, ಒಡೆದ ಡಬ್ಬಿಗಳ ಪಕ್ಕ ಕೂತು ಮಗಳು ದುಪಟ್ಟಾದಿಂದ ಹುಬ್ಬು ಒತ್ತಿಕೊಂಡಳು.

"ನಿಂಗೆ ಕೈ ಇರ್ಲಿಲ್ವಾ?"

"ನಿಂಗೆ ಮಾತು ಕೊಟ್ಟಿದ್ನಲ್ಲ, ಕಂದ." ಬಾಯಿ ತುಂಬ ರಕ್ತವಿದ್ದುದರಿಂದ ಅವನು ಅದನ್ನು ಎರಡು ಸಲ ಹೇಳಬೇಕಾಯಿತು.

"ನಂಗಾಗ ಏಳು ವರ್ಷ, ಅಪ್ಪ."

ಬ್ಯಾಗು ಹೆಗಲಿಗೇರಿಸಿ ಅವಳು ಸಾಕಿದ ಅತ್ತೆಯ ಮನೆ ಕಡೆಯ ಬಸ್ಸು ಹತ್ತಿದಳು. ಅವನು ಬಸ್ ನಿಲ್ದಾಣದ ಬೆಂಚಿನ ಕಡೆ ನಡೆದ.

ಅವನು ಯಾರ ಮೇಲೂ ಕೈ ಎತ್ತಿರಲಿಲ್ಲ.