ಮೇಣೆಯಲ್ಲಿ ಬಂದ ಜೋಡು

ಯಾರೋ ಬದುವಿನಲ್ಲಿ ಸೀತನಿ ಸುಡುತ್ತಿದ್ದಾರೆ, ಎಳೆ ಜೋಳದ ಹೊಗೆ ಚಕ್ಕಡಿಯೊಳಕ್ಕೇ ಬಂತು, ಗುಡುಸಾಬನಿಗೆ ಸೀತನಿ ಎಂದರೆ ಪ್ರಾಣ, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಊದಿ, ಹೆಂಡತಿಯ ಬಾಯಿಗೇ ಮೊದಲು ಹಾಕುತ್ತಿದ್ದ — ಪೀರಬಿ ತನ್ನ ಬಲಗೈಯನ್ನು ಸೆರಗಿನೊಳಗೆ ಸುತ್ತಿಟ್ಟುಕೊಂಡಳು, ಈ ಕೈ ಇವತ್ತು ಯಾರ ಕಣ್ಣಿಗೂ ಬೀಳಬಾರದು. ಗುಡುಸಾಬ ಈಗ ದೊರೆಯ ವಾಡೆಯ ಅಂಗಳದ ಹಗೇವಿನಲ್ಲಿದ್ದಾನೆ, ಜೋಳ ತುಂಬುವ ನೆಲದೊಳಗಿನ ಆ ಕತ್ತಲೆ ಗುಂಡಿಯಲ್ಲಿ, ಕೆರೆ ಕೆಲಸಕ್ಕ ಬಿಟ್ಟಿ ಬರೂದಿಲ್ರಿ, ನನ್ನ ಜ್ವಾಳಕ್ಕ ಹಕ್ಕಿ ಬಿದ್ದಾವು ಅಂದದ್ದಕ್ಕೆ. ಬಾಯಿಗೆ ಮುಚ್ಚಿದ ಬಂಡೆ, ಉಸಿರಿಗೆಂದು ಬಿಟ್ಟ ಬೆರಳಗಲದ ಸಂದು, ಕಾವಲಿನವನ ಕಾಲು ಹಿಡಿದು ಅವಳು ಕಿವಿ ಇಟ್ಟರೆ ಕೆಳಗಿನಿಂದ ಟಕ್, ಟಕ್ — ಜೀವಂತ ಅದೇನಿ, ಪೀರಬಿ, ಅದೇನಿ. ಅದಕ್ಕೇ ಅಲ್ಲವೇ ಊರೆಲ್ಲ ಸೇರಿ ಅರ್ಜಿ ಕಳಿಸಿದ್ದು, ದೊರಿ ಮ್ಯಾಲೂ ಒಂದು ಸರಕಾರ ಐತಿ ತಂಗಿ, ಅದರ ಆಸರದಾಗನ ಇಂವ ಗಾದಿ ಮ್ಯಾಲ ಕೂತಾನ, ಎಂದಿದ್ದ ನೆರೆಮನೆಯ ಗುರುಲಿಂಗಣ್ಣ, ಈಗ ತುಟಿ ಕಚ್ಚಿ ಚಕ್ಕಡಿ ಹೊಡೆಯುತ್ತಿರುವವನು. ಮತ್ತು ಬಿಳಿ ಸಾಹೇಬ ಬಂದೇ ಬಂದ, ಇಂಡಿ ಊರಿನ ಹೊರಗೆ ಡೇರೆ ಹೊಡೆದ, ಜನ ಹೆದರಬಾರದು, ದೊರೆ ವಿಚಾರಣೆಗೆ ಬರಕೂಡದು ಎಂದು ಹುಕುಂ ಮಾಡಿದ, ಎಂಥ ನ್ಯಾಯವಂತ, ದೊರೆ ಬರಲಿಲ್ಲ, ಬಂದದ್ದು ಅವನು ಕಾಲಿಗೆ ಮೆಟ್ಟುವ ಜೋಡು. ಕೆಂಪು ಮಖಮಲ್ಲಿನ, ತುದಿ ಡೊಂಕಾದ ಜೋಡು, ಮೇಣೆಯಲ್ಲಿ ಕೂತು ಬಂದು ಡೇರೆಯ ಬಾಗಿಲಲ್ಲಿ ಇಳಿದವು — ದೊರೆ ಇಲ್ಲದಾಗ ಅವೇ ದೊರೆ, ಮುಂದೆ ಹಾಯುವವರು ಬಗ್ಗಿ ನೆಲ ಮುಟ್ಟಿ ಹಣೆಗೆ ಒತ್ತಬೇಕು, ಅಜ್ಜಿ ಒತ್ತಿದ್ದಳು, ಅವ್ವ ಒತ್ತಿದ್ದಳು, ನಡೆಯಲು ಕಲಿಯುವ ಕೂಸಿಗೂ ಮೊದಲು ಕಲಿಸುವುದು ಅದನ್ನೇ. ಗುರುಲಿಂಗಣ್ಣ ಬಗ್ಗಿದ, ಇಡೀ ಊರು ಬಗ್ಗಿತು, ಪೀರಬಿ — ಹಗೇವು, ಬಂಡೆ, ಸಂದು ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತ ಹೋಗುತ್ತಿದ್ದವಳು, ಅವಳ ಕೈಯೂ ತಾನೇ ಹೋಯಿತು, ನೆಲ, ಹಣೆ. ಕುರ್ಚಿಯಲ್ಲಿದ್ದ ಸಾಹೇಬ ನೋಡುತ್ತಿದ್ದ. ಆಮೇಲೆ ಅತ್ತಳು, ಎಲ್ಲ ಹೇಳಿದಳು, ದುಭಾಷಿ ಇವಳ ಕಡೆ ತಿರುಗಿ, ಸಾಹೇಬರು ಕೇಳತಾರವಾ, ಗಂಡನ್ನ ಹುಗದಿಟ್ಟ ದೊರಿಗೆ ಯಾರೂ ಹೇಳದನ ಯಾಕ ನಮಸ್ಕಾರ ಮಾಡಿದಿ? ಅದು ನಮಸ್ಕಾರ ಅಲ್ರಿ ಎನ್ನಬೇಕಿತ್ತು, ಕೆಮ್ಮು ಬಂದಂಗ ಬರತೈತ್ರಿ ಎನ್ನಬೇಕಿತ್ತು. ಸಾಹೇಬ ನಕ್ಕ, ಕೆಟ್ಟ ನಗುವೇನಲ್ಲ, ದುಭಾಷಿ ಅವನ ಮಾತು ತಿರುಗಿಸಿ ಹೇಳಿದ — ಪ್ರಜಾ ಇಷ್ಟು ಪ್ರೀತಿ ಮಾಡೂವಾಗ ಸರಕಾರ ನಡುವ ಬರೂದು ಚಂದಲ್ಲ, ದೊರಿಗೆ ನಾಕು ಬುದ್ಧಿಮಾತು ಹೇಳತಾರಂತ, ಹೋಗ್ರಿನ್ನ. ಈಗ ವಾಪಸು ದಾರಿಯಲ್ಲಿ ಗುರುಲಿಂಗಣ್ಣ ಎತ್ತುಗಳಿಗೆ ಬೈಯುತ್ತಾನೆ, ನೊಗ ಕಂಡ್ರ ಸಾಕು ಕುತ್ತಿಗಿ ಚಾಚತೀರಲ್ಲಲೇ, ನಮ್ಮೂರವರ ನೀವೂ — ನಗಲು ಹೋಗಿ ಅಳುತ್ತಾನೆ. ಅಳಬ್ಯಾಡಣ್ಣಾ, ಲಗೂ ಹೊಡಿ, ಅಂವ ಬಡೀತಿರ್ತಾನ. ವಾಡೆ ಬಂತು, ಮೇಣೆ ಮೊದಲೇ ಬಂದು ನಿಂತಿದೆ, ಅವಳು ಓಡುತ್ತಾಳೆ, ಕಾವಲಿನವನು ತಡೆಯಲಿಲ್ಲ, ಮುಖ ತಿರುಗಿಸಿದ, ಸಂದು — ಸಂದು ಇಲ್ಲ, ಬಂಡೆಯ ಸುತ್ತ ಹಸಿ ಕೆಸರು ಮೆತ್ತಿದ್ದಾರೆ, ಜೋಳ ತುಂಬಿದ ಮೇಲೆ ಮೆತ್ತುವ ಹಾಗೆ, ಕಿವಿ ಇಟ್ಟಳು, ಟಕ್ ಇಲ್ಲ, ಮತ್ತೆ ಇಟ್ಟಳು, ಸೆರಗಿನಿಂದ ಜಾರಿ ಹೊರಬಂದ ಬಲಗೈ ಕೆಸರು ಕೆರೆಯಲು ಹೋಗಿ ನಡುವೆಯೇ ನಿಂತಿತು, ನೆಲ ಮುಟ್ಟಿತು, ಮೇಲೇಳುತ್ತಿದೆ, ಹಣೆಯ ಕಡೆಗೆ — ಬಂಡೆಯ ಮೇಲೆ ಕೆಂಪು ಮಖಮಲ್ಲು, ಡೊಂಕು ತುದಿ, ಜೋಡು, ಆ ಜೋಡು